ಎದುರಿನ ಪುಟ

ನಮ್ಮ ದೊಡ್ಡಮ್ಮ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದಳು ಎಂದರೆ ಹರಿದದ್ದನ್ನು ಸರಿಮಾಡುತ್ತಿದ್ದಳು ಎಂದು ಯಾರಾದರೂ ತಿಳಿದಾರು. ಅಲ್ಲ. ಅವಳು ಹಚ್ಚುತ್ತಿದ್ದದ್ದು ಗಟ್ಟಿಮುಟ್ಟಾಗಿರುವ ಹೊಸ ಪುಸ್ತಕಗಳಿಗೆ. ಹುಡುಗ ಹುಡುಗಿಗೆ ಮುತ್ತು ಕೊಡುವ ಪುಟ ಬಂತೆಂದರೆ ಸಾಕು, ಆ ಪುಟವನ್ನೂ ಅದರ ಎದುರಿನ ಪುಟವನ್ನೂ ಮುಖಕ್ಕೆ ಮುಖ ಸೇರಿಸಿ, ಮೈದಾ ಹಿಟ್ಟು ಕುದಿಸಿ ಮಾಡಿದ ಅಂಟಿನಿಂದ ಮೆತ್ತಿ, ಮೇಲೆ ಇಸ್ತ್ರಿಪೆಟ್ಟಿಗೆ ಹೇರಿಟ್ಟು ಒಣಗಿಸುತ್ತಿದ್ದಳು. ಈ ಕೆಲಸದಲ್ಲಿ ಒಂದು ತೊಡಕಿದೆ. ಒಂದೇ ಪುಟ ಮುಚ್ಚಲು ಬರುವುದಿಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದಂತೆ. ಇಲ್ಲಿ ಮುತ್ತಿನ ಜೊತೆ ಎದುರಿನ ಪುಟದಲ್ಲಿ ಏನಿದ್ದರೂ ಅದೂ ಹೋಗುತ್ತಿತ್ತು.

ಅವಳ ಲೈಬ್ರರಿ ಇದ್ದದ್ದು ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಒಂದೇ ಕೋಣೆಯಲ್ಲಿ. ಪುಸ್ತಕವನ್ನು ಮನೆಗೆ ಒಯ್ದು ಓದಿ ತಂದುಕೊಡುವ ಬಾಡಿಗೆ ಲೈಬ್ರರಿ. ಶುರುಮಾಡಿದವರು ಅವಳ ಮಾವ. ಅವರಿಗೆ ವಯಸ್ಸಾದ ಮೇಲೆ ಅದು ಮಗನ ಪಾಲಿಗೆ ಬರಬೇಕಿತ್ತು. ಮಗ, ಅಂದರೆ ನಮ್ಮ ದೊಡ್ಡಪ್ಪ, ಲಿಫ್ಟ್ ರಿಪೇರಿಯವನು. ದಿನವೆಲ್ಲ ಪರರ ಕಟ್ಟಡಗಳಲ್ಲಿ ಮೇಲಕ್ಕೂ ಕೆಳಕ್ಕೂ ಹೋಗಿ ಬಂದವನಿಗೆ ಮನೆಯಲ್ಲಿ ಅಡ್ಡ ಬಿದ್ದುಕೊಳ್ಳುವುದೊಂದೇ ಬೇಕು. ಪುಸ್ತಕ ತೆರೆದರೆ ಎರಡನೇ ಸಾಲಿಗೆ ಗೊರಕೆ. ಹಾಗಾಗಿ ಲೈಬ್ರರಿ ಸೊಸೆಯ ಕೈಗೆ ಬಂತು. ದೊಡ್ಡಪ್ಪ ಕೆಟ್ಟವನಲ್ಲ, ಪಾಪ. ಎಲ್ಲಿಗೆ ಹೋಗಿದ್ದೆ, ಯಾಕೆ ತಡ ಎಂದು ಹೆಂಡತಿಯನ್ನು ಒಂದು ದಿನವೂ ಕೇಳಿದವನಲ್ಲ. ಅಂಥ ಗಂಡ ಸಿಕ್ಕಿದ್ದರೆ ಸಾಕಿತ್ತು ಎನ್ನುವ ಹೆಂಗಸರು ನಮ್ಮ ಬೀದಿಯಲ್ಲೇ ಬೇಕಾದಷ್ಟಿದ್ದರು. ದೊಡ್ಡಮ್ಮ ಮಾತ್ರ ಒಮ್ಮೆ ನಮ್ಮಮ್ಮನ ಹತ್ತಿರ, "ಕೇಳಬಾರದಾ ಒಂದ್ಸಲನಾದ್ರೂ?" ಎಂದದ್ದು ನನ್ನ ಕಿವಿಗೆ ಬಿದ್ದಿತ್ತು.

ಅಂಟಿನ ಕೆಲಸ ಶುರುವಾದದ್ದು ಒಬ್ಬ ತಾಯಿಯ ಬಾಯಿಯಿಂದ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ ಒಬ್ಬಾಕೆ ಒಂದು ಸಂಜೆ ಲೈಬ್ರರಿ ತುಂಬಿದ್ದ ಹೊತ್ತಿಗೇ ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, "ಇಂಥದ್ದನ್ನ ನನ್ನ ಮಗಳ ಕೈಗೆ ಕೊಡ್ತೀರಲ್ಲ, ನಿಮ್ಮನೇಲಿ ಹೆಣ್ಣುಮಕ್ಕಳಿಲ್ವಾ?" ಎಂದು ಕೂಗಿದಳು. ದೊಡ್ಡಮ್ಮನಿಗೆ ಮಕ್ಕಳಿಲ್ಲ. ಆ ಮಾತು ಎಲ್ಲಿ ಹೋಗಿ ನಾಟಿತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವಳು ತಲೆ ಎತ್ತಲಿಲ್ಲ, ತಪ್ಪಾಯಿತು ಎಂದಳು, ಮನೆಗೆ ಹೋಗಿ ಅಂಟು ಕುದಿಸಿದಳು.

ಆಮೇಲೆ ನೋಡಿ ಅವಳ ಮರ್ಯಾದೆ! "ಅವರ ಲೈಬ್ರರಿ ಪುಸ್ತಕ ಅಂದ್ರೆ ಕಣ್ಣುಮುಚ್ಚಿ ಕೊಡಬಹುದು" ಎಂದು ತಾಯಂದಿರು ಒಬ್ಬರಿಗೊಬ್ಬರು ಹೇಳಿದರು. ಕಣ್ಣುಮುಚ್ಚಿ ಕೊಡುವ ಪುಸ್ತಕವನ್ನು ಕಣ್ಣು ಬಿಟ್ಟು ಓದಲು ಏನು ಉಳಿದಿರುತ್ತದೆ ಎಂದು ನಾನು ಕೇಳಿದ್ದಕ್ಕೆ ದೊಡ್ಡಮ್ಮ, "ನೀನು ಹಲ್ಲು ಕೀಳಿಸೋರ ಚೀಟಿ ಬರಿ, ಸಾಕು" ಎಂದಳು. ಮಹಡಿಯ ಮೇಲಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಅದೇ ನನ್ನ ಕೆಲಸ. ಮಧ್ಯಾಹ್ನ ಡಬ್ಬಿ ಹಿಡಿದು ಕೆಳಗಿಳಿದು ಲೈಬ್ರರಿಯ ಕಪಾಟಿನ ಹಿಂದೆ ಕೂತು ಊಟ ಮಾಡುತ್ತಿದ್ದೆ. ಹಾಗಾಗಿ ಊರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಅಂಟಿಸಬೇಕಾದ ಪುಟ ಯಾವುದೆಂದು ತಿಳಿಯಬೇಕಾದರೆ ಪುಸ್ತಕವನ್ನು ಓದಲೇಬೇಕಲ್ಲ? ಅವಳು ಓದುತ್ತಿದ್ದಳು. ಅಂಟು ಆರುತ್ತಿದ್ದರೂ ಬಿಡದೆ ಆ ಎರಡು ಪುಟಗಳನ್ನು ಮತ್ತೆ ಮತ್ತೆ ಓದುತ್ತಿದ್ದಳು, ಇನ್ನು ಸಿಗುವುದಿಲ್ಲವಲ್ಲ ಎಂಬಂತೆ. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಸುಮ್ಮನೆ ಹೇಳಿದ್ದಾರೆಯೇ? ನನ್ನ ನೆರಳು ಕಂಡ ಕೂಡಲೇ ಕೆನ್ನೆ ಕೆಂಪಾಗಿ, ಅಂಟಿನ ಬ್ರಷ್ಷು ಕೈಗೆತ್ತಿಕೊಳ್ಳುತ್ತಿದ್ದಳು.

ಹೆಚ್ಚು ಅಂಟು ಬೀಳುತ್ತಿದ್ದದ್ದು ಹದಿಹರೆಯದ ಹುಡುಗಿಯರು ಮುಗಿಬಿದ್ದು ಓದುವ ಕಾದಂಬರಿಗಳಿಗೆ. ನಿಮಗೆ ಗೊತ್ತಿರಬಹುದು: ನಮ್ಮ ನಿಮ್ಮಂಥದ್ದೇ ಊರು, ಬಸ್ಸು, ಟ್ರಾಫಿಕ್ಕು, ಆದರೆ ಫ್ಲೈಓವರಿನ ಕೆಳಗೆ ಇನ್ನೊಂದು ಊರು. ಅಲ್ಲಿ ಮನುಷ್ಯರಲ್ಲದವರು, ಅವರಲ್ಲೊಬ್ಬ ಚೆಲುವ, ಅವನನ್ನು ಕಂಡು ಮರುಳಾಗುವ ಒಬ್ಬ ಕಾಲೇಜು ಹುಡುಗಿ, ಮತ್ತು ಪ್ರತಿ ಅಧ್ಯಾಯದ ಕೊನೆಗೆ ಯಾರೋ ಬಾಗಿಲು ಬಡಿಯುವುದು. ನಾನು ನಕ್ಕರೂ ಒಂದೆರಡನ್ನು ಬಸ್ಸಿನಲ್ಲಿ ಓದಿ ನನ್ನ ಸ್ಟಾಪು ದಾಟಿ ಮುಂದೆ ಹೋದದ್ದುಂಟು.

ಆ ವರ್ಷ ಎಲ್ಲ ಹುಡುಗಿಯರ ಕೈಯಲ್ಲಿದ್ದದ್ದು ಒಂದೇ ಕಥೆ, ಭಾಗ ಭಾಗವಾಗಿ ಬರುತ್ತಿದ್ದದ್ದು. ಅದರ ನಾಯಕಿ ಕಿಡಿ. ಬೀದಿದೀಪ ಆರಿದಾಗ ತೆರೆಯುವ ಕೆಳಗಿನ ಊರಿನಲ್ಲಿ ನೆರಳುಗಳ ವ್ಯಾಪಾರ ನಡೆಯುತ್ತದೆ. ಕಿಡಿಯ ನೆರಳನ್ನು ಯಾರೋ ಸ್ವಲ್ಪ ಸ್ವಲ್ಪವಾಗಿ ಕದಿಯುತ್ತಿದ್ದಾರೆ. ಪೂರ್ತಿ ಹೋದರೆ ಅವಳು ಯಾರೆಂದು ಅವಳ ಅಮ್ಮನಿಗೂ ನೆನಪಿರುವುದಿಲ್ಲ. ಅವಳ ಬೆನ್ನಿಗೆ ನಿಂತವನು ನೆರಳಿಲ್ಲದವನು ಎಂಬ ಯುವಕ. ಅವಳು ಎಲ್ಲಿ ಹೋದರೂ ಅಲ್ಲಿ ಅವನು ಹಾಜರು. ಕಳ್ಳ ಯಾರು ಎಂಬುದೇ ಕಥೆಯ ಕುತೂಹಲ. ದೀಪ ಹಚ್ಚುವ ಒಬ್ಬ ಕುಂಟ ಮುದುಕನ ಮೇಲೆ ಎಲ್ಲರಿಗೂ ಗುಮಾನಿ.

ಮೂರನೇ ಭಾಗದ ಕೊನೆಗೆ ಕಿಡಿ ನೆರಳಿಲ್ಲದವನ ಕೋಣೆಗೆ ಹೋಗುತ್ತಾಳೆ. "ಬಾಗಿಲು ಮುಚ್ಚಿತು" ಎಂದು ಪುಟ ಮುಗಿಯುತ್ತದೆ. ಮುಂದಿನ ಎರಡು ಪುಟಕ್ಕೆ ಅಂಟು. ಅದಾದ ಮೇಲಿನ ಒಂದೇ ಪುಟದಲ್ಲಿ ಕಿಡಿ ಬೆಳಗಿನ ಬಿಸಿಲಿನಲ್ಲಿ ಸೇತುವೆಯ ಮೇಲೆ ನಿಂತಿದ್ದಾಳೆ, ಅವಳ ನೆರಳು ಪೂರ್ತಿಯಾಗಿ ವಾಪಸು ಬಂದಿದೆ. ಅಷ್ಟೇ, ಆ ಭಾಗ ಮುಗಿಯಿತು. ಹುಡುಗಿಯರು ಪುಸ್ತಕವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವ ಜಾತಿಯವರು ಅವರು. ಆದರೂ ಏನೂ ಕಾಣಲಿಲ್ಲ. ಕೊನೆಗೆ ಅವರೇ ಒಂದು ತೀರ್ಮಾನಕ್ಕೆ ಬಂದರು: ಮುದುಕನಿಂದ ನೆರಳನ್ನು ಕಿತ್ತು ತಂದು ಕೊಟ್ಟವನು ನೆರಳಿಲ್ಲದವನೇ, ಅದಕ್ಕೇ ಕಿಡಿ ಮುತ್ತು ಕೊಟ್ಟಳು, ಅದಕ್ಕೇ ಆಂಟಿ ಅಂಟಿಸಿದರು. ದೊಡ್ಡಮ್ಮ ಅವರ ಮಾತು ಕೇಳಿಸಿಕೊಂಡು ಕಪಾಟಿನ ಧೂಳು ಒರೆಸಿದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಆ ಹುಡುಗಿಯರಲ್ಲಿ ನಾವು ಉದ್ದಜಡೆ ಎಂದು ಕರೆಯುತ್ತಿದ್ದವಳು ಎಲ್ಲರಿಗಿಂತ ಹೆಚ್ಚು ಓದುವವಳು. ಪಕ್ಕದ ಔಷಧಿ ಅಂಗಡಿಯಾಕೆಯ ಮಗಳು, ಹದಿನೇಳರ ಹುಡುಗಿ. ಬ್ಯಾಡ್ಮಿಂಟನ್ ಬ್ಯಾಟು ಬೆನ್ನಿಗೆ ಹಾಕಿಕೊಂಡೇ ಲೈಬ್ರರಿಗೆ ನುಗ್ಗಿ, ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಆ ತಿಂಗಳಲ್ಲಿ ಬ್ಯಾಟು ಕಾಣಲಿಲ್ಲ, ಮಾತೂ ಕಡಿಮೆಯಾಗಿತ್ತು. ಪರೀಕ್ಷೆ ಹತ್ತಿರ ಬಂತಲ್ಲ ಎಂದುಕೊಂಡೆವು.

ಒಂದು ಮಧ್ಯಾಹ್ನ ನಾನು ಊಟ ಮಾಡುತ್ತಿದ್ದೆ. ಉದ್ದಜಡೆ ಬಂದವಳೇ ದೊಡ್ಡಮ್ಮನ ಮೇಜಿನ ಮೇಲೆ ಬಗ್ಗಿ, "ಆಂಟಿ, ನಿಮಗೆ ಮಾತ್ರ ಒಂದು ವಿಷಯ ಹೇಳ್ತೀನಿ" ಎಂದಳು. ಕಪಾಟಿನ ಸಂದಿಯಲ್ಲಿ ನಾನಿರುವುದು ಆಗ ಅವಳ ಕಣ್ಣಿಗೆ ಬಿತ್ತು. "ಈ ಅಕ್ಕ ಯಾರಿಗೂ ಹೇಳಲ್ಲ ಅಲ್ವಾ?"

"ಅವಳ ಬಾಯಲ್ಲಿ ಅನ್ನ ಇದೆ. ನೀನು ಹೇಳು" ಎಂದಳು ದೊಡ್ಡಮ್ಮ.

ಹೇಳಿದಳು. ಎದುರು ಸಾಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯವನೊಬ್ಬನಿದ್ದ, ಅವನು ಇವಳನ್ನು ಪ್ರೀತಿಸುತ್ತಾನಂತೆ. ಇಪ್ಪತ್ತೈದು ದಾಟಿದ ಆಳು ಅವನು. "ನನ್ನ ಫೋನಿನ ಗಾಜು ಒಡೆದಿತ್ತಲ್ಲ ಆಂಟಿ, ಅವನೇ ಹಾಕಿಕೊಟ್ಟಿದ್ದು. ಆಗ್ಲೇ ಅದರೊಳಗೆ ಏನೋ ಹಾಕಿದಾನೆ. ನಾನು ಎಲ್ಲಿದ್ರೂ ಅವನಿಗೆ ಗೊತ್ತಾಗುತ್ತೆ. ನಂಗೆ ಹೇಳೇ ಇರ್ಲಿಲ್ಲ! ಗೆಳತಿ ಮನೇಲಿದ್ದೆ, ಹೊರಗೆ ಬಂದು ನೋಡ್ತೀನಿ, ಗೇಟ್ ಹತ್ರ ನಿಂತಿದಾನೆ. ಥೇಟ್ ನೆರಳಿಲ್ಲದವನೇ, ಅಲ್ವಾ?"

"ಬ್ಯಾಡ್ಮಿಂಟನ್ ಯಾಕೆ ಬಿಟ್ಟೆ?" ನಾನು ಒಳಗಿನಿಂದಲೇ ಕೇಳಿದೆ.

"ಅಲ್ಲಿ ಹುಡುಗರೂ ಬರ್ತಾರಲ್ಲಕ್ಕ. ಅವನಿಗೆ ಸಂಕಟ ಆಗುತ್ತೆ. ಗೆಳತಿ ಮನೆಗೂ ಈಗ ಹೋಗ್ತಿಲ್ಲ." ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ. ಆಮೇಲೆ ದನಿ ತಗ್ಗಿಸಿದಳು. "ಬರೋ ಭಾನುವಾರ ಅವನ ಜೊತೆ ಹೊರಟುಬಿಡ್ತೀನಿ ಆಂಟಿ. ಬೇರೆ ಊರಲ್ಲಿ ಅಂಗಡಿ ಹಾಕ್ತಾನಂತೆ. ಅಮ್ಮಂಗೆ ಅಲ್ಲಿಂದ ಫೋನ್ ಮಾಡಿದ್ರಾಯ್ತು. ಶನಿವಾರ ನಿಮ್ಮ ಪುಸ್ತಕ ಎಲ್ಲ ತಂದುಕೊಡ್ತೀನಿ. ನಿಮ್ಮದು ಇಟ್ಕೊಂಡು ಹೋಗಬಾರದು ಅಂತ."

ಅಷ್ಟು ಪ್ರಾಮಾಣಿಕ ಹುಡುಗಿ. ಪುಸ್ತಕ ವಾಪಸು ಕೊಡಲು ಮರೆಯಲಿಲ್ಲ, ಅಮ್ಮನಿಗೆ ಹೇಳಲು ಮರೆತಳು. ನಾನು ಡಬ್ಬಿ ಕೆಳಗಿಟ್ಟೆ. ಏನಾದರೂ ಹೇಳುತ್ತಾಳೆ ಎಂದು ದೊಡ್ಡಮ್ಮನ ಮುಖ ನೋಡಿದೆ. ಅದು ಕಾಗದದ ಹಾಗೆ ಬಿಳಿಚಿತ್ತು. "ಯೋಚನೆ ಮಾಡು ಮರಿ, ಪ್ರೀತಿ ಅಂದ್ರೆ..." ಎಂದು ಏನೋ ಶುರುಮಾಡಿದಳು. "ಅಯ್ಯೋ ಆಂಟಿ, ನೀವೂ ದೊಡ್ಡೋರ ಥರ ಮಾತಾಡಬೇಡಿ" ಎಂದು ನಗುತ್ತಾ ಹುಡುಗಿ ಹೋದಳು.

ನಾನು ಕೈ ತೊಳೆಯದೆಯೇ ಎದ್ದು ಬಂದೆ. "ನಡಿ, ಈಗ್ಲೇ ಅವಳ ಅಮ್ಮಂಗೆ ಹೇಳೋಣ."

"ಹೇಳಿದ್ರೆ ಏನಾಗುತ್ತೆ? ಫೋನ್ ಕಿತ್ಕೋತಾರೆ, ಮನೇಲಿ ಕೂಡಿಹಾಕ್ತಾರೆ. ಅವನು ಇನ್ನೂ ದೊಡ್ಡ ನಾಯಕ ಆಗಿಬಿಡ್ತಾನೆ ಕಣೇ. ಭಾನುವಾರ ಹೋಗೋಳು ಶನಿವಾರಾನೇ ಹೋಗ್ತಾಳೆ."

"ಇದೆಲ್ಲ ಕಾದಂಬರಿ ಓದಿ ಕಲಿತಿದ್ದಾ?"

"ಹೂಂ" ಎಂದಳು. ಆಮೇಲೆ ಷಟರನ್ನು ಅರ್ಧಕ್ಕೆ ಎಳೆದು, ಸ್ಟೂಲಿನ ಮೇಲೆ ಕುಸಿದು ಕೂತು ಅಳತೊಡಗಿದಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಕದ್ದವನು ಅವನೇ ಕಣೇ" ಎಂದಳು. ಯಾರು ಎಂದೆ. "ನೆರಳಿಲ್ಲದವನು. ಅವಳ ನೆರಳು ಕದೀತಿದ್ದವನು ಅವನೇ. ನಾನು ಅಂಟಿಸಿದ ಪುಟದಲ್ಲಿದೆ. ಅವಳು ಎಲ್ಲಿದ್ದಾಳೆ ಅಂತ ತಿಳ್ಕೊಳ್ಳಕ್ಕೆ ಕತ್ತರಿಸಿ ಜೇಬಲ್ಲಿ ಇಟ್ಕೊಂಡಿರ್ತಾನೆ. ಅದನ್ನ ಕಂಡು ಕಿಡಿ ಅವನನ್ನ ಬಿಟ್ಟು ಎದ್ದು ಬರ್ತಾಳೆ. ಮುತ್ತು ಎಡಗಡೆ ಪುಟದಲ್ಲಿ. ಇದು ಎದುರಿನ ಪುಟದಲ್ಲಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಸಿಟ್ಟು ನೆತ್ತಿಗೇರಿತು. ಈ ಬೀದಿಯ ಹುಡುಗಿಯರೆಲ್ಲ ಕಳ್ಳನನ್ನು ಪ್ರೀತಿಸುತ್ತಾ ಕೂತಿದ್ದಾರೆ, ಕಥೆ ಬರೆದವರು ಅವನನ್ನು ಹಿಡಿದುಕೊಟ್ಟಿದ್ದರೂ! "ಬಿಡಿಸು ಅದನ್ನ. ಬಿಡಿಸಿ ಅವಳ ಮುಖದ ಮುಂದೆ ಹಿಡಿ" ಎಂದೆ. ಇಬ್ಬರೂ ಕೂತು ಕೆಟಲಿನ ಹಬೆಗೆ ಪುಟವನ್ನು ಹಿಡಿದೆವು. ಒಂದು ಮೂಲೆ ಬಿಟ್ಟುಕೊಂಡಿತು. ಮೆಲ್ಲಗೆ ಎಳೆದರೆ ಕಾಗದ ಪದರ ಪದರವಾಗಿ ಎದ್ದು, ಈ ಪುಟದ ಅಕ್ಷರ ಆ ಪುಟಕ್ಕೆ ಹತ್ತಿ, ನಮ್ಮ ಕೈಯಲ್ಲಿ ಉಳಿದದ್ದು ಬೂದು ಬಣ್ಣದ ಮುದ್ದೆ. ಅಂಟು ಮಾಡುವುದರಲ್ಲಿ ನಮ್ಮ ದೊಡ್ಡಮ್ಮನನ್ನು ಮೀರಿಸುವವರಿರಲಿಲ್ಲ. ಬೇರೆ ಪ್ರತಿ ತರಿಸಿದರೆ ಬರುವ ಹೊತ್ತಿಗೆ ಭಾನುವಾರ ಕಳೆದಿರುತ್ತಿತ್ತು.

"ಶನಿವಾರದ ತನಕ ನಿಂಗೆ ಬಿಡ್ತೀನಿ" ಎಂದೆ. "ಅವಳು ಪುಸ್ತಕ ಕೊಡಕ್ಕೆ ಬಂದಾಗ ನೀನು ಹೇಳು. ಕೇಳ್ದೆ ಹೋದ್ರೆ ನಾನು ಸೀದಾ ಪಕ್ಕದ ಅಂಗಡಿಗೆ ಹೋಗ್ತೀನಿ. ಅಷ್ಟೇ."

ಶನಿವಾರ ನಾನು ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ ಕೆಳಗೇ ಕೂತೆ. ಉದ್ದಜಡೆ ಬಂದ ಹೊತ್ತಿಗೆ ಸರಿಯಾಗಿ ಒಳಗೆ ಇಬ್ಬರು ತಾಯಂದಿರು ಪತ್ರಿಕೆ ಆರಿಸುತ್ತಾ ನಿಂತಿದ್ದರು. ಒಬ್ಬಳು ಹೊಲಿಗೆಯಾಕೆ. ಇನ್ನೊಬ್ಬಳು ಬೇರೆ ಯಾರೂ ಅಲ್ಲ, ಆ ಬ್ಯಾಂಕಿನ ಕ್ಯಾಷಿಯರ್. ಹುಡುಗಿ ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ತುಂಬಾ ಥ್ಯಾಂಕ್ಸ್ ಆಂಟಿ ಎಂದು ತಿರುಗಿದಳು. ದೊಡ್ಡಮ್ಮ ಆ ಇಬ್ಬರನ್ನು ನೋಡಿದಳು, ನನ್ನನ್ನು ನೋಡಿದಳು. ನಂತರ ಹುಡುಗಿಯ ಕೈ ಹಿಡಿದಳು.

"ಮೂರನೇ ಭಾಗದಲ್ಲಿ ನಾನು ಅಂಟಿಸಿದ ಪುಟ ಇದೆಯಲ್ಲ ಮರಿ. ಅದರಲ್ಲಿ ಕಳ್ಳ ಯಾರು ಅಂತ ಇದೆ. ಮುದುಕ ಅಲ್ಲ. ಅವನೇ."

ಉದ್ದಜಡೆ ಮೊದಲು ನನ್ನ ಕಡೆ ನೋಡಿದಳು. ಆಮೇಲೆ ಅವಳ ಮುಖ ಗಂಟಾಯಿತು. "ಸುಳ್ಳು. ನಾನು ಹೋಗಬಾರದು ಅಂತ ನೀವೇ ಕಟ್ಟಿ ಹೇಳ್ತಿದ್ದೀರ. ಈ ಅಕ್ಕ ಹೇಳಿಕೊಟ್ರಾ?"

"ಇಲ್ಲ, ನಿಜ."

"ಹಾಗಿದ್ರೆ ತೋರಿಸಿ."

ತೋರಿಸಲು ಏನಿತ್ತು? ಬೂದು ಮುದ್ದೆ ಇತ್ತು. ಹುಡುಗಿ ಕೈ ಬಿಡಿಸಿಕೊಂಡು ಬಾಗಿಲ ಕಡೆ ಹೊರಟಳು. ನಾನು ಎದ್ದು ನಿಂತೆ. ಆಗ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು, ಮೇಜಿನ ಅಂಚು ಹಿಡಿದುಕೊಂಡು, ಪುಸ್ತಕದ ಭಾಷೆಯಲ್ಲಿ, ಪುಸ್ತಕದಲ್ಲಿದ್ದ ಹಾಗೆಯೇ ಹೇಳತೊಡಗಿದಳು.

"'ಅವನ ತುಟಿ ನನ್ನ ತುಟಿಗೆ ತಾಗಿದಾಗ ಊರಿನ ದೀಪಗಳೆಲ್ಲ ಒಟ್ಟಿಗೆ ಹತ್ತಿದ ಹಾಗಾಯಿತು. ಅವನ ಉಸಿರು ನನ್ನ ಕತ್ತಿನ ಮೇಲಿತ್ತು. ಬೆರಳುಗಳು ನನ್ನ ಕೂದಲಿನಲ್ಲಿದ್ದವು. ಇನ್ನೂ ಹತ್ತಿರ, ಎಂದೆ. ಇನ್ನೂ ಹತ್ತಿರ.'"

ಹೊಲಿಗೆಯಾಕೆಯ ಕೈಯಿಂದ ಪತ್ರಿಕೆ ಜಾರಿತು. ದೊಡ್ಡಮ್ಮನಿಗೆ ಆಗ ಐವತ್ತಾರು ವರ್ಷ. ಕತ್ತಿನಿಂದ ಹಣೆಯವರೆಗೆ ಕೆಂಪೇರಿತ್ತು. ನೆಲ ಬಾಯಿಬಿಟ್ಟರೆ ನಾನೇ ಒಳಗೆ ಹೋಗಿಬಿಡುತ್ತಿದ್ದೆ, ಅಷ್ಟು ನಾಚಿಕೆ ನನಗೆ. ಸಾಕು ದೊಡ್ಡಮ್ಮ ಎನ್ನಬೇಕೆನಿಸಿತು. ಆದರೆ ಬಾಗಿಲಲ್ಲಿ ಹುಡುಗಿ ನಿಂತುಬಿಟ್ಟಿದ್ದಳು. ದೊಡ್ಡಮ್ಮ ಒಂದು ಸಾಲನ್ನೂ ಹಾರಿಸಲಿಲ್ಲ. ಹಾರಿಸಿದರೆ ಕಟ್ಟುಕಥೆ ಅನ್ನುತ್ತಾಳೆಂದು ಅವಳಿಗೆ ಗೊತ್ತಿತ್ತು. ಮುತ್ತಿನ ಪುಟವನ್ನು ಪೂರ್ತಿ ಹೇಳಿ ಮುಗಿಸಿ, ಉಸಿರೆಳೆದುಕೊಂಡು ಎದುರಿನ ಪುಟಕ್ಕೆ ಬಂದಳು.

"'ನನ್ನ ಕೈ ಅವನ ಕೋಟಿನ ಒಳಜೇಬಿಗೆ ತಾಗಿತು. ಒಳಗೆ ತಣ್ಣಗೆ ಏನೋ ಮಿಸುಕಾಡಿತು. ಹೊರಗೆಳೆದೆ. ನನ್ನ ನೆರಳಿನ ತುಂಡು. ಕತ್ತರಿಯಿಂದ ಒಪ್ಪವಾಗಿ ಕತ್ತರಿಸಿದ್ದು. ನೀನು ಎಲ್ಲಿದ್ದರೂ ನನಗೆ ಗೊತ್ತಾಗಲಿ ಎಂದು ಇಟ್ಟುಕೊಂಡೆ, ಎಂದ. ಪ್ರೀತಿಯಿಂದ, ಎಂದ. ಎಲ್ಲಿದ್ದೀಯ ಎಂದು ಕೇಳಿದ್ದರೆ ನಾನೇ ಹೇಳುತ್ತಿದ್ದೆ, ಎಂದೆ. ಕೇಳದೆ ತಿಳಿದುಕೊಳ್ಳುವುದು ಪ್ರೀತಿಯಲ್ಲ. ಜಿಂಕೆ ಎಲ್ಲಿದೆ ಎಂದು ಬೇಟೆಗಾರನಿಗೂ ಗೊತ್ತಿರುತ್ತದೆ. ಅವನು ಬಾಗಿಲಿಗೆ ಅಡ್ಡ ನಿಂತ. ನನ್ನ ಮಣಿಕಟ್ಟು ಹಿಡಿದ. ನಾನು ಬಿಡಿಸಿಕೊಂಡು ಹೊರಗೆ ಬಂದೆ.'"

ಉದ್ದಜಡೆ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದಳು. ಅದನ್ನು ನಾನು ಆಗಲೇ ಗಮನಿಸಿದ್ದು. ಮೊದಲು ಬಾಯಿ ಬಿಟ್ಟವಳು ಕ್ಯಾಷಿಯರ್. "ಈ ವಯಸ್ಸಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಕೂತಿದ್ರಾ ನೀವು? ನಾವು ನಂಬಿಕೊಂಡು ಮಕ್ಕಳನ್ನ ಕಳಿಸ್ತಿದ್ವಿ."

ದೊಡ್ಡಮ್ಮ ನೋಡುತ್ತಿದ್ದದ್ದು ಹುಡುಗಿಯನ್ನು. ಹುಡುಗಿ ಕೇಳಿದಳು, ಮೆಲ್ಲನೆ: "ಗೊತ್ತಿದ್ದೂ ಯಾಕೆ ಅಂಟಿಸಿದ್ರಿ? ಅದೊಂದು ಮುತ್ತಿಗಾ?"

ಇಲ್ಲಿ ಅವಳು ಹೌದು ಎಂದುಬಿಡಬಹುದಿತ್ತು. ಎದುರಿಗಿದ್ದ ತಾಯಂದಿರಿಗೆ ಅದು ಒಪ್ಪಿಗೆಯಾಗುವ ಉತ್ತರ, ನಾನೂ ಅದನ್ನೇ ನಂಬಿದ್ದೆ. "ಮುತ್ತಿಗಲ್ಲ" ಎಂದಳು ದೊಡ್ಡಮ್ಮ. "ಎರಡನೇ ಭಾಗದಲ್ಲಿ ಇದಕ್ಕಿಂತ ಹೆಚ್ಚಿಂದು ಇತ್ತು, ಅದನ್ನ ಅಂಟಿಸದೆ ಬಿಟ್ಟಿದ್ದೆ. ಅವನು ಕಳ್ಳ ಅನ್ನೋದು ನಂಗೇ ಒಪ್ಪಕ್ಕಾಗ್ಲಿಲ್ಲ ಮರಿ. ಒಬ್ಬ ಗಂಡಸು, ಅವಳು ಎಲ್ಲಿದ್ದಾಳೆ ಅಂತ ಯಾವಾಗ್ಲೂ ಯೋಚನೆ ಮಾಡ್ತಿರ್ತಾನೆ. ಅದು ನಂಗೆ ಎಷ್ಟು ಹಿಡಿಸಿತ್ತು ಅಂದ್ರೆ, ಆ ಪುಟ ಓದಿ ಎರಡು ದಿನ ಊಟ ಸೇರ್ಲಿಲ್ಲ. ಮುತ್ತು ಎದುರಿಗೇ ಇತ್ತಲ್ಲ, ನೆಪ ಸಿಕ್ತು. ಅಂಟಿಸಿಬಿಟ್ಟೆ. ಅವನು ಒಳ್ಳೆಯವನಾಗೇ ಉಳ್ಕೊಳ್ಲಿ ಅಂತ. ತಪ್ಪು ಮಾಡಿದೆ. ನಿನಗೆ ಮಾಡಿದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲ ಎಂದುಕೊಳ್ಳುತ್ತದಂತೆ. ನಮ್ಮ ದೊಡ್ಡಮ್ಮ ತಾನಾಗಿಯೇ ಕಣ್ಣು ತೆರೆದು, ಎಲ್ಲರೆದುರು ಮೀಸೆ ಒರೆಸಿಕೊಂಡಳು. ನನಗೆ ಅವಳ ಮೇಲಿನ ಸಿಟ್ಟು ಆ ಕ್ಷಣಕ್ಕೂ ಹೋಗಿರಲಿಲ್ಲ, ಆದರೆ ಅಷ್ಟು ಧೈರ್ಯ ನನಗಿಲ್ಲ ಎಂದೂ ಗೊತ್ತಾಯಿತು.

ಉದ್ದಜಡೆಯ ಫೋನು ಗುನುಗಿತು. ತೆಗೆದು ನೋಡಿದಳು. ಯಾವಾ‌ಗಲೂ ಆ ಸದ್ದಿಗೆ ಅರಳುತ್ತಿದ್ದ ಮುಖ ಈಗ ಅರಳಲಿಲ್ಲ. ಸುಮ್ಮನೆ ಫೋನನ್ನು ನನ್ನ ಕಡೆ ತಿರುಗಿಸಿದಳು. "ಪುಸ್ತಕ ಕೊಟ್ಟು ಬರೋಕೆ ಇಷ್ಟು ಹೊತ್ತಾ? ಯಾರ ಜೊತೆ ಮಾತಾಡ್ತಾ ನಿಂತಿದೀಯ?" ಎಂದಿತ್ತು. ನಾನು ಬಾಗಿಲಿಂದ ಎದುರು ಸಾಲಿನ ಕಡೆ ನೋಡಿದೆ. ಮೊಬೈಲ್ ಅಂಗಡಿಯವನು ತನ್ನ ಕೌಂಟರಿನ ಹಿಂದೆ ತಲೆ ತಗ್ಗಿಸಿ ಕೂತಿದ್ದ, ಪರದೆಯ ಬೆಳಕು ಅವನ ಮುಖದ ಮೇಲಿತ್ತು. ಫೋನು ಮತ್ತೆ ಗುನುಗಿತು. ಹುಡುಗಿ ಓದಲಿಲ್ಲ. ಲೈಬ್ರರಿಯಿಂದ ಇಳಿದು, ಬೀದಿ ದಾಟದೆ, ಪಕ್ಕದ ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದಳು. ಗಾಜಿನಾಚೆ ಅವಳ ಅಮ್ಮ ಯಾರಿಗೋ ಮಾತ್ರೆ ಎಣಿಸುತ್ತಿದ್ದಳು. ಮಗಳು ಫೋನನ್ನು ಆ ಮಾತ್ರೆಗಳ ಪಕ್ಕದಲ್ಲಿ ಇಟ್ಟದ್ದು ಕಂಡಿತು.

ಆಮೇಲಿನದು ಪೊಲೀಸ್ ಠಾಣೆಯ ಕೆಲಸ. ಇವಳ ಫೋನಿನೊಳಗೆ ಅವನು ಹಾಕಿದ್ದಂಥದ್ದೇ ಇನ್ನೂ ಕೆಲವು ಹುಡುಗಿಯರ ಫೋನುಗಳಲ್ಲಿಯೂ ಸಿಕ್ಕಿತು. ಆ ಕ್ಯಾಷಿಯರ್ ಮಗಳ ಫೋನಿನಲ್ಲಿಯೂ. ಮೊಬೈಲ್ ಅಂಗಡಿಯ ಷಟರು ಭಾನುವಾರ ಮೇಲೇಳಲಿಲ್ಲ, ಆಮೇಲೂ ಏಳಲಿಲ್ಲ.

ಇಷ್ಟಾದ ಮೇಲೆ ದೊಡ್ಡಮ್ಮನನ್ನು ಯಾರಾದರೂ ಹೊಗಳಿರಬೇಕು ಎಂದುಕೊಂಡರೆ ನೀವು ನಮ್ಮ ಬೀದಿಯನ್ನು ಬಲ್ಲವರಲ್ಲ. ಹೊಲಿಗೆಯಾಕೆಯ ಬಾಯಿಂದ ಸುದ್ದಿ ಸಂಜೆಯೊಳಗೆ ಕೊನೆಯ ಮನೆಗೂ ಮುಟ್ಟಿತ್ತು, ಕಳ್ಳನ ಭಾಗ ಬಿಟ್ಟು, ಮುತ್ತಿನ ಭಾಗ ಮಾತ್ರ. ಅವಳು ನಡೆದು ಹೋದರೆ ಬೀಗದ ಕೈಯವನೂ ಬಾಯಿಗೆ ಕೈ ಅಡ್ಡ ಹಿಡಿದು "ಇನ್ನೂ ಹತ್ತಿರ" ಎನ್ನತೊಡಗಿದ. ನಾನು ಒಂದು ದಿನ ಅವನ ಅರದಿಂದಲೇ ಅವನ ನಾಲಿಗೆ ಉಜ್ಜುವುದಾಗಿ ಹೇಳಿದ ಮೇಲೆ ನಿಂತಿತು. ಕೆಲವು ತಾಯಂದಿರು ಮಕ್ಕಳನ್ನು ಕಳಿಸುವುದು ಬಿಟ್ಟರು. ಕ್ಯಾಷಿಯರ್ ಬಿಡಲಿಲ್ಲ. ಬಂದು, ಮುಖ ಬೇರೆ ಕಡೆ ತಿರುಗಿಸಿಕೊಂಡು, "ಆಗಿದ್ದಾಯ್ತು ಅಕ್ಕ. ಇನ್ಮೇಲೆ ಎರಡೆರಡು ಪುಟ ಅಂತ ನೋಡಬೇಡಿ, ಇಡೀ ಅಧ್ಯಾಯಾನೇ ಅಂಟಿಸಿಬಿಡಿ" ಎಂದಳು. ದೊಡ್ಡಮ್ಮ, "ಇನ್ನು ಅಂಟಿಸಲ್ಲ" ಎಂದಳು. ಅಷ್ಟು ಹೇಳಲು ಅವಳಿಗೆ ತಲೆ ಎತ್ತಬೇಕಾಗಿ ಬಂದದ್ದು ಕಂಡು ನನಗೆ ಸಮಾಧಾನವಾಯಿತು.

ಆದರೆ ಅವಳನ್ನು ತಿಂದದ್ದು ಬೀದಿಯವರ ನಗೆಯಲ್ಲ. ಔಷಧಿ ಅಂಗಡಿಯ ಮುಂದೆ ಹಾದುಹೋಗಲಾರದೆ ಹಿಂದಿನ ಓಣಿಯಿಂದ ಸುತ್ತಿ ಬರುತ್ತಿದ್ದಳು. ಹುಡುಗಿ ಬ್ಯಾಟು ಹಾಕಿಕೊಂಡು ಹೋಗುವುದು ಕಂಡರೆ ಕಪಾಟಿನ ಹಿಂದೆ ಸರಿಯುತ್ತಿದ್ದಳು. "ಅವಳನ್ನ ಉಳಿಸಿದವಳು ನೀನೇ ಅಲ್ವಾ?" ಎಂದರೆ, "ತಳ್ಳಿದವಳೂ ನಾನೇ. ಅವನು ಒಳ್ಳೆಯವನು ಅಂತ ಆ ಮಗುವಿಗೆ ಹೇಳಿಕೊಟ್ಟವರು ಯಾರು?" ಎನ್ನುತ್ತಿದ್ದಳು.

ನಾಲ್ಕನೇ ಭಾಗ ಬಂತು. ಬಂದ ದಿನವೇ ದೊಡ್ಡಮ್ಮ ಓದಿ ಮುಗಿಸಿ, ಏನೂ ಹೇಳದೆ ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಇಟ್ಟಳು. ಒಬ್ಬಿಬ್ಬರು ಹುಡುಗಿಯರು ಕೇಳಿದರೂ ಕೊಡಲಿಲ್ಲ, ಮೊದಲು ಹೋಗಬೇಕಾದವರು ಬೇರೆ ಇದ್ದಾರೆ ಎಂದಳು. ಆ ಬೇರೆಯವರು ಬರುತ್ತಾರೆಂದು ನನಗಂತೂ ನಂಬಿಕೆ ಇರಲಿಲ್ಲ.

ಬಂದಳು. ಒಂದು ಮಧ್ಯಾಹ್ನ, ನಾನು ಡಬ್ಬಿ ತೆರೆದು ಕೂತಿದ್ದಾಗ. ದೊಡ್ಡಮ್ಮನನ್ನು ಕಂಡು ನಗಲಿಲ್ಲ, ಆಂಟಿ ಎನ್ನಲಿಲ್ಲ. "ನಾಲ್ಕನೇ ಭಾಗ ಇದೆಯಂತಲ್ಲ" ಎಂದಳು, ಗೋಡೆಗೆ ಹೇಳಿದ ಹಾಗೆ. ದೊಡ್ಡಮ್ಮ ಎದ್ದು, ತೆಗೆದು, ಎರಡೂ ಕೈಯಿಂದ ಕೊಟ್ಟಳು.

ಹುಡುಗಿ ಪುಸ್ತಕವನ್ನು ಚೀಲಕ್ಕೆ ಹಾಕಲಿಲ್ಲ. ಮೇಜಿನ ಮೇಲೆ ಇಟ್ಟುಕೊಂಡು ಮೊದಲ ಪುಟ ತೆರೆದಳು. ಅದನ್ನು ಬೆರಳಿನಿಂದ ಎತ್ತಿ ನೋಡಿದಳು. ಎರಡನೆಯದನ್ನು ಎತ್ತಿದಳು. ಮೂರನೆಯದನ್ನು. ಓದುತ್ತಿರಲಿಲ್ಲ. ಯಾವ ಹಾಳೆಯೂ ಇನ್ನೊಂದಕ್ಕೆ ಹತ್ತಿಕೊಂಡಿಲ್ಲವಷ್ಟೇ ಎಂದು ಒಂದೊಂದನ್ನೂ ಬೇರೆ ಮಾಡಿ ನೋಡುತ್ತಿದ್ದಳು. ಸಾಕು ಬಿಡು ಎಂದು ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನತ್ತ ಕೈ ಅಡ್ಡ ಮಾಡಿದಳು. ದಪ್ಪ ಪುಸ್ತಕ, ಹುಡುಗಿಗೆ ಅವಸರವಿರಲಿಲ್ಲ. ಅವಳು ಕೊನೆಯ ಹಾಳೆಯನ್ನೂ ಎತ್ತಿ ನೋಡಿ ಮುಗಿಸುವ ತನಕ ದೊಡ್ಡಮ್ಮ ಮೇಜಿನ ಆಚೆ ಕೂರದೆ, ತಲೆ ತಗ್ಗಿಸಿಕೊಂಡು ನಿಂತೇ ಇದ್ದಳು.